ಚಾವಣಿ ಮೇಲೆ ಆಂಟೆನಾ ಇದೆ, ಗಾಡಿಯೊಳಗೆ ನೆಟ್ ಇಲ್ಲ: ದೋಷ ಹುಡುಕುವ ಬಗೆ

ಮಳೆಗಾಲಕ್ಕೆ ಮುಂಚೆ ಸಕಲೇಶಪುರದ ಕಡೆಯ ಒಂದು ಟಿಟಿ (ಟೆಂಪೊ ಟ್ರಾವೆಲರ್) ನಮ್ಮ ಶೆಡ್ಡಿಗೆ ಬಂತು. ಕಣ್ಣು ತಪಾಸಣೆಯ ಗಾಡಿ. ಕಾಫಿ ತೋಟಗಳ ಲೈನ್ ಮನೆಗಳ ಹತ್ತಿರ ನಿಲ್ಲಿಸಿಕೊಂಡು, ಕೆಲಸದವರ ಕಣ್ಣಿನ ಒಳಭಾಗದ ಫೋಟೊ ತೆಗೆದು ಪೇಟೆಯ ಡಾಕ್ಟರಿಗೆ ಕಳಿಸುತ್ತಾರೆ. ಒಂದೊಂದು ಫೋಟೊ ನಾಲ್ಕೈದು ಎಂಬಿ. ಸೀಟಿನ ಕೆಳಗೆ ಸಿಮ್ ಹಾಕುವ 4ಜಿ ರೌಟರ್, ಚಾವಣಿ ಮೇಲೆ ಒಂದು ಕಡ್ಡಿ ಆಂಟೆನಾ, ನಡುವೆ ಉದ್ದದ ಕೇಬಲ್. ನೋಡಲು ಎಲ್ಲವೂ ಸರಿಯಾಗಿಯೇ ಇತ್ತು.

ಡ್ರೈವರ್ ಇಳಿದವನೇ ಹೇಳಿದ: “ಅಣ್ಣಾ, ಹೊರಗೆ ನಿಂತ್ರೆ ನನ್ನ ಮೊಬೈಲಲ್ಲಿ ಯೂಟ್ಯೂಬ್ ಓಡ್ತದೆ. ಒಳಗೆ ಒಂದು ಫೋಟೊ ಹೋಗೋಕೆ ಹತ್ತು ನಿಮಿಷ. ಇದನ್ನ ಕಿತ್ತು ಇನ್ನೂ ದೊಡ್ಡ ಆಂಟೆನಾ ಹಾಕ್ಬಿಡಿ.”

ಬರುವವರೆಲ್ಲ ಕೇಳುವುದು ಇದನ್ನೇ. ಹಾಕಿಕೊಟ್ಟರೆ ನನಗೂ ವ್ಯಾಪಾರ. ಆದರೆ ಇರುವ ಆಂಟೆನಾ ಯಾಕೆ ಕೆಲಸ ಮಾಡುತ್ತಿಲ್ಲ ಎಂದು ತಿಳಿಯದೆ ಹೊಸದು ಹಾಕಿದರೆ ಹೊಸದಕ್ಕೂ ಅದೇ ಗತಿ. ಆ ಗಾಡಿಯಲ್ಲಿ ದೋಷ ಹುಡುಕಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಕಾರು, ಟಿಟಿ, ಕ್ಯಾಂಪರ್, ಆಂಬುಲೆನ್ಸ್ ಯಾವುದಕ್ಕಾದರೂ ನಡೆಯುತ್ತದೆ. ಹೊಸ ಆಂಟೆನಾ ಆರಿಸುವ ಮಾತು ಮುಕ್ಕಾಲು ದಾರಿ ದಾಟಿದ ಮೇಲೆ ಬರುತ್ತದೆ. ಅಲ್ಲಿಯವರೆಗೆ ಜೇಬಿಗೆ ಕೈ ಹಾಕಬೇಡಿ.

ಮೊದಲು ಆಂಟೆನಾಕ್ಕೆ ಸಂಬಂಧವೇ ಇಲ್ಲದ್ದು

ಸಿಗ್ನಲ್ ಚೆನ್ನಾಗಿದ್ದೂ ನೆಟ್ ತೆವಳುತ್ತಿದ್ದರೆ ಮೊದಲು ಡೇಟಾ ನೋಡಿ. ದಿನಕ್ಕೆ 1.5 ಅಥವಾ 2 ಜಿಬಿ ಕೊಡುವ ಪ್ಲಾನುಗಳಲ್ಲಿ ಅಷ್ಟು ಮುಗಿದ ಮೇಲೆ ಸಾಮಾನ್ಯವಾಗಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಪರದೆಯ ಸಿಗ್ನಲ್ ಕಡ್ಡಿಗಳು ಮಾತ್ರ ತುಂಬಿಯೇ ಇರುತ್ತವೆ. ಗಾಡಿಯೊಳಗಿನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಅಪ್‌ಡೇಟ್ ಒಮ್ಮೆ ಶುರುವಾದರೆ ಬೆಳಗಿನ ತಿಂಡಿಯೊಳಗೆ ಅಂದಿನ ಡೇಟಾ ಖಾಲಿ. ಆ ವೈ-ಫೈಯನ್ನು ವಿಂಡೋಸ್‌ನಲ್ಲಿ ಮೀಟರ್ಡ್ (ಮಿತಿಯಿರುವ ಡೇಟಾ) ಎಂದು ಗುರುತಿಸಿಬಿಡಿ, ಅರ್ಧ ತಂಟೆ ಮುಗಿಯುತ್ತದೆ.

ಆಮೇಲೆ ಎಪಿಎನ್, ಅಂದರೆ ಸಿಮ್ ಕಂಪನಿಯ ಇಂಟರ್ನೆಟ್ಟಿಗೆ ಹೋಗುವ ಬಾಗಿಲಿನ ಹೆಸರು. ಮೊಬೈಲಿನಲ್ಲಿ ಅದು ತಾನಾಗಿ ಕೂರುತ್ತದೆ, ರೌಟರಿನಲ್ಲಿ ಕೆಲವೊಮ್ಮೆ ಕೂರುವುದಿಲ್ಲ. ಜಿಯೊ ಸಿಮ್ ಇದ್ದಲ್ಲಿಗೆ ಏರ್‌ಟೆಲ್ ಹಾಕಿ ಎಪಿಎನ್ ಜಾಗದಲ್ಲಿ ‘ಜಿಯೊನೆಟ್’ ಎಂದೇ ಬಿಟ್ಟಿರುವ ರೌಟರುಗಳನ್ನು ನೋಡಿದ್ದೇನೆ. ಸಿಗ್ನಲ್ ಬರುತ್ತದೆ, ಇಂಟರ್ನೆಟ್ ಬರುವುದಿಲ್ಲ.

ಕರೆಂಟು ಮೂರನೆಯದು. ಸ್ಟಾರ್ಟರ್ ತಿರುಗುವಾಗ 12 ವೋಲ್ಟಿನ ಬ್ಯಾಟರಿ ಒಂದು ಕ್ಷಣ 9–10 ವೋಲ್ಟಿಗೆ ಕುಸಿಯುವುದು ಮಾಮೂಲು. ಬ್ಯಾಟರಿ ಹಳೆಯದಾದರೆ ಇನ್ನೂ ಕೆಳಗೆ. ರೌಟರನ್ನು ನೇರ ಬ್ಯಾಟರಿಗೆ ಕೊಟ್ಟಿದ್ದರೆ ಪ್ರತಿ ಸಲ ಗಾಡಿ ಸ್ಟಾರ್ಟ್ ಮಾಡಿದಾಗ ಅದು ಆಫ್ ಆಗಿ ಮತ್ತೆ ಏಳುತ್ತದೆ. ಎರಡು ನಿಮಿಷ ನೆಟ್ ಇಲ್ಲ. 9ರಿಂದ 36 ವೋಲ್ಟ್ ಒಳಗೆ ತಗೊಂಡು ಹೊರಗೆ ಸ್ಥಿರ 12 ಕೊಡುವ ಕನ್ವರ್ಟರ್ ನಡುವೆ ಹಾಕಿದರೆ ಸಾಕು.

ನಾಲ್ಕನೆಯದು ಜನಸಂದಣಿ. ಸಂತೆ, ಜಾತ್ರೆ, ಸಂಜೆ ಎಂಟು ಗಂಟೆ. ಒಂದೇ ಟವರಿಗೆ ಎಲ್ಲರೂ ನೇತುಬಿದ್ದಿರುತ್ತಾರೆ. ಅದೇ ಜಾಗದಲ್ಲಿ ಬೆಳಗಿನ ಜಾವ ಐದಕ್ಕೆ ಸ್ಪೀಡ್ ಟೆಸ್ಟ್ ಮಾಡಿ. ಆಗ 25 ಎಂಬಿಪಿಎಸ್, ಸಂಜೆ 2 ಎಂದರೆ ನಿಮ್ಮ ಗಾಡಿಯಲ್ಲಿ ದೋಷವಿಲ್ಲ. ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳುವುದೇ ದಾರಿ.

ಆ ಟಿಟಿಯಲ್ಲಿ ಈ ನಾಲ್ಕೂ ಸರಿ ಇದ್ದವು.

ಕಡ್ಡಿ ಬಿಡಿ, ಅಂಕಿ ಓದಿ

ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ತೋರಿಸಬೇಕು ಎಂಬುದನ್ನು ತೀರ್ಮಾನಿಸುವವರು ಫೋನು ಮಾಡುವವರು. ಒಂದೇ ಮೇಜಿನ ಮೇಲೆ ಒಂದೇ ಕಂಪನಿಯ ಸಿಮ್ ಇರುವ ಎರಡು ಫೋನು ಇಡಿ, ಒಂದರಲ್ಲಿ ಎರಡು ಕಡ್ಡಿ, ಇನ್ನೊಂದರಲ್ಲಿ ನಾಲ್ಕು. ದೋಷ ಹುಡುಕುವ ಕೆಲಸಕ್ಕೆ ಇದು ಆಗದು.

ರೌಟರಿನ ಅಡ್ಮಿನ್ ಪುಟ ತೆರೆಯಿರಿ (ಸಾಮಾನ್ಯವಾಗಿ 192.168.1.1 ಅಥವಾ 192.168.8.1). ಸ್ಟೇಟಸ್ ಇಲ್ಲವೇ ಡಿವೈಸ್ ಇನ್ಫರ್ಮೇಶನ್ ಎಂಬಲ್ಲಿ ಮೂರು ಅಂಕಿ ಸಿಗುತ್ತವೆ. ಆಂಡ್ರಾಯ್ಡ್ ಫೋನಿಗೆ ಇದನ್ನೇ ತೋರಿಸುವ ಉಚಿತ ಆ್ಯಪ್‌ಗಳಿವೆ. ಐಫೋನಿನಲ್ಲಿ *3001#12345#* ಡಯಲ್ ಮಾಡಿದರೆ ಫೀಲ್ಡ್ ಟೆಸ್ಟ್ ತೆರೆಯುತ್ತದೆ.

ಆರ್‌ಎಸ್‌ಆರ್‌ಪಿ ಎಂದರೆ ಟವರಿನಿಂದ ಬಂದು ಮುಟ್ಟಿದ ಬಲ. ಮೈನಸ್ ಅಂಕಿ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. -80 ಇದ್ದರೆ ಭರ್ಜರಿ, -95ರ ತನಕ ನೆಮ್ಮದಿ, -105 ದಾಟಿದರೆ ಕಷ್ಟ ಶುರು, -115ರ ಆಚೆಗೆ ಉಸಿರು ಹಿಡಿದುಕೊಂಡಿದೆ ಎಂದರ್ಥ. ಎಸ್‌ಐಎನ್‌ಆರ್ ಎಂದರೆ ಗದ್ದಲದ ಮೇಲೆ ಆ ದನಿ ಎಷ್ಟು ಎತ್ತರಕ್ಕೆ ಕೇಳುತ್ತಿದೆ ಎಂಬ ಲೆಕ್ಕ. 20ರ ಮೇಲಿದ್ದರೆ ಅತ್ಯುತ್ತಮ, 10ರ ಆಸುಪಾಸು ಕೆಲಸ ನಡೆಯುತ್ತದೆ, ಸೊನ್ನೆಗಿಂತ ಕೆಳಗಾದರೆ ಇಲ್ಲ. ಮೂರನೆಯದು ಆರ್‌ಎಸ್‌ಆರ್‌ಕ್ಯು, -10 ಚೆನ್ನ, -15 ದಾಟಿದರೆ ಟವರ್ ತುಂಬಿದೆ ಇಲ್ಲವೇ ಎರಡು ಟವರುಗಳ ದನಿ ಕಲಸಿಹೋಗಿದೆ. ವೇಗವನ್ನು ತೀರ್ಮಾನಿಸುವುದರಲ್ಲಿ ನಾನು ಹೆಚ್ಚು ನಂಬುವುದು ಎಸ್‌ಐಎನ್‌ಆರ್ ಅನ್ನು. ಆದರೆ ಕೇಬಲ್, ಕನೆಕ್ಟರ್ ದೋಷ ಹಿಡಿಯಲು ಆರ್‌ಎಸ್‌ಆರ್‌ಪಿಯೇ ಬೇಕು.

ಈ ಅಂಕಿಗಳ ಏರಿಳಿತವನ್ನು ಅಳೆಯುವುದು ಡಿಬಿಯಲ್ಲಿ, ಅಂದರೆ ಡೆಸಿಬೆಲ್‌ನಲ್ಲಿ. ಒಂದು ಲೆಕ್ಕ ತಲೆಯಲ್ಲಿರಲಿ: 3 ಡಿಬಿ ಕಳೆದರೆ ಬಲ ಅರ್ಧ, 10 ಡಿಬಿ ಕಳೆದರೆ ಹತ್ತರಲ್ಲಿ ಒಂದು ಪಾಲು.

ನಾಲ್ಕು ಅಳತೆ

ಗಾಡಿಯನ್ನು ಒಂದೇ ಜಾಗದಲ್ಲಿ ನಿಲ್ಲಿಸಿ. ಒಂದೇ ಸಿಮ್ ಅನ್ನು ಫೋನಿಗೂ ರೌಟರಿಗೂ ಬದಲಿಸಿ ಹಾಕಿ. ಫೋನನ್ನು ‘ಎಲ್‌ಟಿಇ ಮಾತ್ರ’ಕ್ಕೆ ಇಡಿ (ಎಲ್‌ಟಿಇ ಎಂದರೆ 4ಜಿಯೇ). ಇದನ್ನು ಮರೆತರೆ ಫೋನು 5ಜಿ ಹಿಡಿದುಕೊಂಡಿರುತ್ತದೆ, 4ಜಿ ರೌಟರ್ ಬೇರೆ ಬ್ಯಾಂಡಿನಲ್ಲಿ, ಅಂದರೆ ಬೇರೆ ಆವರ್ತನದ ಪಟ್ಟಿಯಲ್ಲಿ, ಇರುತ್ತದೆ, ನೀವು ಎತ್ತಿಗೂ ಕೋಣಕ್ಕೂ ಓಟದ ಪಂದ್ಯ ಕಟ್ಟಿದಂತೆ. ಬ್ಯಾಂಡ್ ನಂಬರ್ ಎರಡರಲ್ಲೂ ಒಂದೇ ಇದೆಯೇ ನೋಡಿಕೊಂಡು, ಪ್ರತಿ ಅಳತೆಗೆ ಒಂದು ನಿಮಿಷ ಬಿಟ್ಟು ಆರ್‌ಎಸ್‌ಆರ್‌ಪಿ ಬರೆದುಕೊಳ್ಳಿ.

ನಮ್ಮ ಟಿಟಿಯಲ್ಲಿ, ಬ್ಯಾಂಡ್ 3ರಲ್ಲಿ, ಅಂದರೆ 1800 ಮೆಗಾಹರ್ಟ್ಸ್‌ನಲ್ಲಿ, ಸಿಕ್ಕಿದ್ದು ಇಷ್ಟು:

ಫೋನು, ಏಣಿ ಹತ್ತಿ ಚಾವಣಿ ಮಟ್ಟದಲ್ಲಿ ಹಿಡಿದಾಗ: -92.
ರೌಟರ್, ಅದರ ಜೊತೆಗೆ ಬಂದ ಬೆರಳುದ್ದದ ಎರಡು ಆಂಟೆನಾ ಹಾಕಿ, ಸೀಟಿನ ಕೆಳಗೇ ಇಟ್ಟಾಗ: -104.
ರೌಟರ್, ಚಾವಣಿ ಆಂಟೆನಾದ ಕೇಬಲ್ ಹಾಕಿದಾಗ: -113.
ರೌಟರ್, ಏನೂ ಹಾಕದೆ, ಎರಡೂ ಪೋರ್ಟ್ ಖಾಲಿ ಬಿಟ್ಟಾಗ: -114.

ಕೊನೆಯ ಎರಡು ಸಾಲನ್ನು ಮತ್ತೊಮ್ಮೆ ಓದಿ. ಆಂಟೆನಾ ತಿರುಚಿದರೂ ಬಿಚ್ಚಿದರೂ ಒಂದೇ. ಅಂದರೆ ಚಾವಣಿ ಮೇಲಿರುವುದು ರೌಟರಿಗೆ ಸೇರಿಯೇ ಇಲ್ಲ. ಆ ಜಾಗದಲ್ಲಿ ಎಷ್ಟೇ ದೊಡ್ಡ ಆಂಟೆನಾ ನಿಲ್ಲಿಸಿದ್ದರೂ -113ಏ ಬರುತ್ತಿತ್ತು. ಈ ನಾಲ್ಕನೇ ಅಳತೆಯನ್ನು ಯಾರೂ ಮಾಡುವುದಿಲ್ಲ, ಬಿಚ್ಚಿ ನೋಡುವುದರಲ್ಲಿ ಏನಿದೆ ಎಂದುಕೊಳ್ಳುತ್ತಾರೆ. ನನಗೆ ಇದುವರೆಗೆ ಹೆಚ್ಚು ಸಮಯ ಉಳಿಸಿಕೊಟ್ಟ ಪರೀಕ್ಷೆ ಇದೇ. (ಪೋರ್ಟ್ ಖಾಲಿ ಬಿಟ್ಟು ಹೆಚ್ಚು ಹೊತ್ತು ಓಡಿಸಬೇಡಿ. ಒಂದೆರಡು ನಿಮಿಷ ಸಾಕು.)

ನಿಮ್ಮ ಗಾಡಿಯಲ್ಲಿ ಚಾವಣಿ ಆಂಟೆನಾದ ಅಂಕಿ ಬೆರಳುದ್ದದ ಆಂಟೆನಾಗಿಂತ ಎಂಟು ಹತ್ತು ಡಿಬಿ ಮೇಲಿದ್ದರೆ ವ್ಯವಸ್ಥೆ ಸರಿ ಇದೆ. ಎರಡೂ ಸಮ ಇದ್ದರೆ ಕೇಬಲ್ ತಿನ್ನುತ್ತಿದೆ. ಚಾವಣಿಯದ್ದೇ ಕೆಟ್ಟದಾಗಿದ್ದರೆ ಕನೆಕ್ಟರ್ ನೋಡಿ. ಫೋನಿಗೇ ಹೊರಗೆ -118 ಬರುತ್ತಿದ್ದರೆ ಆ ಜಾಗವೇ ಹಾಗೆ. ಸಿಮ್ ಬದಲಿಸುವುದು ಇಲ್ಲವೇ ಗಾಡಿಯನ್ನು ನೂರು ಮೀಟರ್ ಮುಂದೆ ನಿಲ್ಲಿಸುವುದು ಯಾವ ಆಂಟೆನಾಕ್ಕಿಂತಲೂ ಅಗ್ಗ.

ಪಿನ್ ಇಲ್ಲದ ಪ್ಲಗ್

ರೌಟರಿನಿಂದ ಕೇಬಲ್ ಬಿಚ್ಚಿ ತುದಿಗೆ ಮೊಬೈಲ್ ಟಾರ್ಚ್ ಹಿಡಿದೆ. ಚಿನ್ನದ ಬಣ್ಣದ ಪ್ಲಗ್, ಒಳಗೆ ನುಣುಪಾದ ತಿರುಪು, ನಟ್ಟನಡುವೆ ಒಂದು ಸಣ್ಣ ತೂತು. ರೌಟರಿನ ಪೋರ್ಟಿನ ನಡುವೆಯೂ ತೂತು. ತೂತಿಗೆ ತೂತು ಎದುರಾಗಿದ್ದರೆ ಕರೆಂಟು ಹರಿಯುವುದೆಲ್ಲಿಂದ?

ಇದು ಎಸ್‌ಎಂಎ ಮತ್ತು ಆರ್‌ಪಿ-ಎಸ್‌ಎಂಎ ಎಂಬ ಅವಳಿಗಳ ಕಥೆ. ಎರಡಕ್ಕೂ ಗಾತ್ರ ಒಂದೇ, ತಿರುಪು ಒಂದೇ, ಕೈಗೆ ಹತ್ತುವ ಅನುಭವವೂ ಒಂದೇ. ಪಿನ್ ಯಾವ ಕಡೆ ಇದೆ ಎಂಬುದಷ್ಟೇ ಅದಲುಬದಲು. ಮೊಬೈಲ್ ಸಿಗ್ನಲ್ಲಿನ ಪೋರ್ಟುಗಳು ಸಾಮಾನ್ಯವಾಗಿ ಎಸ್‌ಎಂಎ: ಪೋರ್ಟಿನಲ್ಲಿ ಹೊರತಿರುಪು, ನಡುವೆ ತೂತು, ಪ್ಲಗ್ಗಿನಲ್ಲಿ ಒಳತಿರುಪು, ನಡುವೆ ಪಿನ್. ವೈ-ಫೈ ಆಂಟೆನಾಗಳು ಬಹುಪಾಲು ಆರ್‌ಪಿ-ಎಸ್‌ಎಂಎ: ಪ್ಲಗ್ಗಿನಲ್ಲಿ ಪಿನ್ ಇರುವುದಿಲ್ಲ. ವೈ-ಫೈ ಪ್ಲಗ್ಗನ್ನು ಎಲ್‌ಟಿಇ ಪೋರ್ಟಿಗೆ ಹಾಕಿದರೆ ಕೊನೆಯ ಸುತ್ತಿನ ತನಕ ಸೊಗಸಾಗಿ ತಿರುಗಿ ಕೂರುತ್ತದೆ. ಹೊರಗಿನಿಂದ ತಪ್ಪು ಕಾಣುವುದೇ ಇಲ್ಲ.

ಈ ಗಾಡಿಯಲ್ಲಿ ಏನಾಗಿತ್ತೆಂದರೆ, ಆಂಟೆನಾದ ಜೊತೆ ಬಂದ 3 ಮೀಟರ್ ಕೇಬಲ್ ಸೀಟಿನ ತನಕ ಸಾಲದೆ, ಎಲ್ಲೋ ಒಂದು ಕಡೆ 5 ಮೀಟರಿನ ಎಕ್ಸ್‌ಟೆನ್ಶನ್ ಮಾಡಿಸಿದ್ದರು. ಅದನ್ನು ಮಾಡಿದವರು ರೌಟರ್ ಕಡೆಯ ತುದಿಗೆ ಕೈಗೆ ಸಿಕ್ಕ ವೈ-ಫೈ ಪ್ಲಗ್ ಕ್ರಿಂಪ್ ಮಾಡಿದ್ದರು, ಅಂದರೆ ಅದುಮಿ ಕೂರಿಸಿದ್ದರು. ಒಂದು ವರ್ಷ ಗಾಡಿ ಹಾಗೇ ತಿರುಗಿದೆ.

ಮಲ್ಟಿಮೀಟರ್ ಇದ್ದರೆ ಎಕ್ಸ್‌ಟೆನ್ಶನ್ ಕೇಬಲ್ಲಿನ ಒಂದು ತುದಿಯ ನಡುಭಾಗದಿಂದ ಇನ್ನೊಂದು ತುದಿಯ ನಡುಭಾಗಕ್ಕೆ ಬೀಪ್ ಬರಬೇಕು. ನಡುಭಾಗಕ್ಕೂ ಹೊರಕವಚಕ್ಕೂ ಬರಬಾರದು. ಆದರೆ ಇದೇ ಪರೀಕ್ಷೆಯನ್ನು ಆಂಟೆನಾ ಸಮೇತ ಮಾಡಿ, ಬೀಪ್ ಬಂತು, ಶಾರ್ಟ್ ಆಗಿದೆ ಎಂದು ಎಸೆಯಬೇಡಿ. ಎಷ್ಟೋ ಆಂಟೆನಾಗಳ ಒಳಗೆ ಪಿನ್ನನ್ನು ಬೇಕೆಂದೇ ಗ್ರೌಂಡಿಗೆ, ಅಂದರೆ ಹೊರಕವಚಕ್ಕೆ, ಸೇರಿಸಿರುತ್ತಾರೆ. ಮೀಟರಿನ ಕಣ್ಣಿಗೆ ಅದು ಶಾರ್ಟ್, 1800 ಮೆಗಾಹರ್ಟ್ಸ್‌ಗೆ ಅಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ರೌಟರಿನ ಹಿಂದೆ ನಾಲ್ಕು ಪೋರ್ಟ್ ಇದ್ದರೆ ಎರಡು ವೈ-ಫೈಯವು ಆಗಿರಬಹುದು. ಪಕ್ಕದಲ್ಲಿ ಅಚ್ಚು ಹಾಕಿದ್ದನ್ನು ಓದಿ. ಕೆಲವು ರೌಟರುಗಳಲ್ಲಿ ಒಳ ಆಂಟೆನಾ, ಹೊರ ಆಂಟೆನಾ, ಆಟೋ ಎಂಬ ಆಯ್ಕೆ ಸೆಟ್ಟಿಂಗ್ಸಿನಲ್ಲಿದೆ. ಅದು ‘ಒಳ’ದಲ್ಲಿದ್ದರೆ ಹೊರಗೆ ಏನು ಹಾಕಿದರೂ ವ್ಯರ್ಥ.

ಸರಿಯಾದ ಎಸ್‌ಎಂಎ ಪ್ಲಗ್ ಹಾಕಿದೆ. -101. ಹನ್ನೆರಡು ಡಿಬಿ ಮೇಲೆ ಬಂತು. ಡ್ರೈವರ್ ಖುಷಿಯಾಗಿ ಕೀ ತೆಗೆದುಕೊಂಡ. ಆದರೆ ಚಾವಣಿ ಮೇಲಿನ ಆಂಟೆನಾ, ಸೀಟಿನ ಕೆಳಗಿನ ಬೆರಳುದ್ದದ ಆಂಟೆನಾಗಿಂತ ಮೂರೇ ಡಿಬಿ ಮೇಲೆ ಎಂದರೆ ಏನೋ ಇನ್ನೂ ಬಾಕಿ ಇದೆ.

ಕೇಬಲ್ ತಿಂದದ್ದೆಷ್ಟು

ಮ್ಯಾಗ್ನೆಟ್ ಆಂಟೆನಾಗಳ ಜೊತೆ ಬರುವ ಶಾವಿಗೆಯಂಥ ಕಪ್ಪು ಕೇಬಲ್ಲನ್ನು ಆರ್‌ಜಿ-174 ಎನ್ನುತ್ತಾರೆ. ಬಾಗಿಲ ಸಂದಿಯಲ್ಲಿ ಸುಲಭವಾಗಿ ನುಸುಳುತ್ತದೆ, ಅದೇ ಅದರ ಗುಣ. 1800 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು ಒಂದೂವರೆ ಡಿಬಿ ನುಂಗುತ್ತದೆ. ಇಲ್ಲಿ 3 ಸೇರಿಸು 5, ಒಟ್ಟು 8 ಮೀಟರ್. ಹನ್ನೆರಡು ಡಿಬಿ! ಚಾವಣಿ ಮೇಲೆ ಬಂದ ಸಿಗ್ನಲ್ಲಿನ ಹದಿನಾರರಲ್ಲಿ ಹದಿನೈದು ಪಾಲು ದಾರಿಯಲ್ಲೇ ಕರಗಿ, ಒಂದು ಪಾಲು ರೌಟರಿಗೆ ಸೇರುತ್ತಿತ್ತು. ಕಳಿಸುವಾಗಲೂ ಅಷ್ಟೇ ನಷ್ಟ. ಆ ಕಣ್ಣಿನ ಫೋಟೊಗಳು ಹೋಗದಿದ್ದುದಕ್ಕೆ ಇದೂ ಒಂದು ಕಾರಣ. ಆವರ್ತನ ಏರಿದಷ್ಟೂ ನಷ್ಟ ಹೆಚ್ಚು, 2300ರಲ್ಲಿ ಇನ್ನೂ ಕೆಟ್ಟದು.

ಬೆರಳಿನಷ್ಟು ಅಲ್ಲದಿದ್ದರೂ ಪೆನ್ಸಿಲಿನಷ್ಟು ದಪ್ಪದ ಎಲ್‌ಎಂಆರ್-240 ಬಗೆಯ ಕೇಬಲ್ಲಿನಲ್ಲಿ ಇದೇ 1800ಕ್ಕೆ ಮೀಟರಿಗೆ 0.35 ಡಿಬಿಯ ಆಸುಪಾಸು ಹೋಗುತ್ತದೆ. 3 ಮೀಟರಿಗೆ ಒಂದು ಡಿಬಿ. ದುಡ್ಡು ಹಾಕುವುದಾದರೆ ಆಂಟೆನಾಕ್ಕಿಂತ ಮೊದಲು ಕೇಬಲ್ಲಿಗೆ ಹಾಕಿ ಎಂದು ನಾನು ಹೇಳುವುದು ಅದಕ್ಕೇ.

ಆದರೆ ಈ ಗಾಡಿಯಲ್ಲಿ ಕೇಬಲ್ಲಿಗೂ ದುಡ್ಡು ಹಾಕಲಿಲ್ಲ. ರೌಟರನ್ನು ಸೀಟಿನ ಕೆಳಗಿನಿಂದ ಎತ್ತಿ ಚಾವಣಿಗೆ ತಾಗಿದ ಮೇಲಿನ ಕ್ಯಾಬಿನೆಟ್ಟಿಗೆ ಹಾಕಿದೆವು. 5 ಮೀಟರಿನ ಎಕ್ಸ್‌ಟೆನ್ಶನ್ ಇಡಿಯಾಗಿ ಹೊರಗೆ ಬಂತು. ರೌಟರಿನಿಂದ ಲ್ಯಾಪ್‌ಟಾಪಿಗೆ ವೈ-ಫೈ ಇದ್ದೇ ಇದೆ, ಬೇಕಾದರೆ ಲ್ಯಾನ್ ಕೇಬಲ್ ಹಾಕಿ. ಅದು 100 ಮೀಟರ್ ತನಕ ವೇಗ ಕಳೆದುಕೊಳ್ಳುವುದಿಲ್ಲ. ರೌಟರೇ ಆಂಟೆನಾದ ಹತ್ತಿರಕ್ಕೆ ಹೋಗಲಿ. ಬಿಸಿಲಲ್ಲಿ ನಿಂತ ಗಾಡಿಯ ಚಾವಣಿ ಕಾಯುತ್ತದೆ, ಹಾಗಾಗಿ ಕ್ಯಾಬಿನೆಟ್ಟಿನ ಬಾಗಿಲಿಗೆ ನಾಲ್ಕು ಗಾಳಿತೂತು ಕೊರೆದೆವು. ಕಾದ ರೌಟರ್ ತಾನಾಗಿ ನಿಧಾನವಾಗುತ್ತದೆ, ಆಗ ಮತ್ತೆ ಆಂಟೆನಾದ ಮೇಲೆ ಅಪವಾದ ಬರುತ್ತದೆ.

ಈಗ -94.

ಮ್ಯಾಗ್ನೆಟ್ ಅಂಟದ ಚಾವಣಿ

ಏಣಿ ಹತ್ತಿ ನೋಡಿದಾಗ ಆಂಟೆನಾದ ಬುಡಕ್ಕೆ ಡಬಲ್ ಟೇಪ್ ಸುತ್ತಿದ್ದು ಕಂಡಿತು. ಮ್ಯಾಗ್ನೆಟ್ ಬುಡದ ಆಂಟೆನಾಕ್ಕೆ ಟೇಪ್ ಯಾಕೆ? ಚಾವಣಿ ಫೈಬರ್. ಮ್ಯಾಗ್ನೆಟ್ ಅಂಟಿಲ್ಲ, ಟೇಪ್ ಹಾಕಿ ಕೂರಿಸಿದ್ದಾರೆ.

ಮ್ಯಾಗ್ನೆಟ್ ಬುಡದ ಕಡ್ಡಿ ಆಂಟೆನಾಗಳಲ್ಲಿ ಹೆಚ್ಚಿನವು ಅರ್ಧ ಆಂಟೆನಾ ಮಾತ್ರ. ಉಳಿದರ್ಧ ಕೆಳಗಿನ ಲೋಹದ ತಗಡು. ತಗಡನ್ನು ಕನ್ನಡಿಯಂತೆ ಬಳಸಿಕೊಂಡು ಕಡ್ಡಿ ಕೆಲಸ ಮಾಡುತ್ತದೆ. 900 ಮೆಗಾಹರ್ಟ್ಸ್‌ನ ಅಲೆ 33 ಸೆಂಟಿಮೀಟರ್ ಉದ್ದ, ಅದರ ಕಾಲು ಭಾಗ 8 ಸೆಂಟಿಮೀಟರಿಗಿಂತ ತುಸು ಹೆಚ್ಚು. ಕಡ್ಡಿಯ ಸುತ್ತ ಎಲ್ಲ ಕಡೆಗೂ ಕನಿಷ್ಠ ಅಷ್ಟಾದರೂ ತಗಡು ಹರಡಿರಬೇಕು, ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು. ಫೈಬರ್ ಮೇಲೆ, ಗಾಜಿನ ಮೇಲೆ, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಮೇಲೆ ಇಟ್ಟ ಮ್ಯಾಗ್ನೆಟ್ ಆಂಟೆನಾ ಒಂಟಿ ಕಾಲಲ್ಲಿ ನಿಂತಂತೆ.

ಹಾಗಾಗಿ ಮ್ಯಾಗ್ನೆಟ್ ಹಿಡಿಯದ ಕಡೆ ಮ್ಯಾಗ್ನೆಟ್ ಆಂಟೆನಾ ಇಡಬೇಡಿ. ಅಲ್ಯೂಮಿನಿಯಂ ಚಾವಣಿ ಮಾತ್ರ ಇದಕ್ಕೆ ಹೊರತು: ಮ್ಯಾಗ್ನೆಟ್ ಹಿಡಿಯುವುದಿಲ್ಲ, ಆದರೆ ತಗಡಾಗಿ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಪರೀಕ್ಷೆಗೆಂದು ಶೆಡ್ಡಿನ ಮೂಲೆಯಲ್ಲಿದ್ದ ಜಿಐ ಶೀಟಿನಿಂದ ಒಂದಡಿ ಚೌಕ ಕತ್ತರಿಸಿ ಕೆಳಗಿಟ್ಟು ಅದರ ಮೇಲೆ ಆಂಟೆನಾ ಕೂರಿಸಿದೆ. ಟಕ್ ಎಂದು ಅಂಟಿತು. ಕೆಳಗೆ ಬಂದು ನೋಡಿದರೆ -90. ಖರ್ಚು ಸೊನ್ನೆ.

ಚಾವಣಿ ಮೇಲೆ ಎಸಿ ಪೆಟ್ಟಿಗೆ, ಲಗೇಜ್ ಕ್ಯಾರಿಯರ್ ಇದ್ದರೆ ಆಂಟೆನಾವನ್ನು ಅವುಗಳಿಂದ ಒಂದಡಿಯಾದರೂ ದೂರವಿಡಿ. ಇಲ್ಲದಿದ್ದರೆ ಟವರ್ ಆ ಕಡೆ ಇದ್ದಾಗ ಮರೆ ಬೀಳುತ್ತದೆ. ಗಾಡಿಯನ್ನು ಹಿಂದೆ ಮುಂದೆ ತಿರುಗಿಸಿ ನಿಲ್ಲಿಸಿದಾಗ ಅಂಕಿ ಆರೇಳು ಡಿಬಿ ಬದಲಾದರೆ ಇಂಥ ಮರೆ ಇದೆ ಎಂದೇ ಲೆಕ್ಕ.

ಈಗ ಆಂಟೆನಾ ಆರಿಸುವ ಮಾತು

ಇಷ್ಟು ಹೊತ್ತಿಗೆ ಹಳೆಯ ಆಂಟೆನಾದಲ್ಲೇ 23 ಡಿಬಿ ವಾಪಸ್ ಬಂದಿತ್ತು. ಆದರೂ ಒಂದು ಬದಲಾವಣೆ ಬೇಕೇ ಇತ್ತು. ರೌಟರಿಗೆ ಎರಡು ಆಂಟೆನಾ ಪೋರ್ಟ್, ಚಾವಣಿಯಿಂದ ಬಂದದ್ದು ಒಂದೇ ಕೇಬಲ್. ಎರಡನೆಯದು ಖಾಲಿ. 4ಜಿ ಎರಡು ಆಂಟೆನಾಗಳಲ್ಲಿ ಎರಡು ಧಾರೆಯಾಗಿ ಡೇಟಾ ತರುತ್ತದೆ; ಇದನ್ನೇ ಮಿಮೊ ಎನ್ನುವುದು. ಒಂದು ಕೈ ಕಟ್ಟಿಹಾಕಿದರೆ ಡೌನ್‌ಲೋಡ್ ಅರ್ಧಕ್ಕೆ ಇಳಿಯಬಹುದು. ಕಳಿಸುವ ಕೆಲಸ ‘ಮೇನ್’ ಎಂದು ಬರೆದ ಪೋರ್ಟಿನದ್ದು, ಹಾಗಾಗಿ ಸದ್ಯಕ್ಕೆ ಒಂದೇ ಕೇಬಲ್ ಇದ್ದರೆ ಅದು ಮೇನ್‌ಗೇ ಹೋಗಲಿ, ಇನ್ನೊಂದಕ್ಕೆ ಬೆರಳುದ್ದದ್ದನ್ನೇ ಹಾಕಿಡಿ. ಕೊಳ್ಳುವಾಗ ಎರಡು ಎಲ್‌ಟಿಇ ಕೇಬಲ್ ಇರುವುದನ್ನೇ ಕೊಳ್ಳಿ. ಒಂದು ಡಬ್ಬಿಯಿಂದ ಐದು ಕೇಬಲ್ ಹೊರಡುವ ಆಂಟೆನಾಗಳೂ ಇವೆ: ಎರಡು ಎಲ್‌ಟಿಇ, ಎರಡು ವೈ-ಫೈ, ಒಂದು ಜಿಪಿಎಸ್. ನಿಮಗೆ ಬೇಕಾದದ್ದು ಎರಡೇ ಆದರೆ ಉಳಿದ ಮೂರಕ್ಕೆ ದುಡ್ಡು ಯಾಕೆ?

ಬ್ಯಾಂಡ್ ನೋಡಿ. ನಮ್ಮಲ್ಲಿ 4ಜಿ ಬರುವುದು ಜಿಯೊದಲ್ಲಿ 850, 1800, 2300ರಲ್ಲಿ. ಏರ್‌ಟೆಲ್ಲಿನಲ್ಲಿ 900, 1800, 2100, 2300. ವಿಐ ಆದರೆ 900, 1800, 2100, 2500. ಬಿಎಸ್‌ಎನ್‌ಎಲ್ಲಿನ 4ಜಿಗೆ 700 ಮತ್ತು 2100 ಮುಖ್ಯ. ಡಬ್ಬದ ಮೇಲೆ 698–960 ಮತ್ತು 1710–2690 ಎಂದು ಬರೆದಿದ್ದರೆ ಎಲ್ಲವೂ ಬಂತು. 5ಜಿ ರೌಟರ್ ಆದರೆ 3300ರಿಂದ 3670ರ ತನಕದ ಬ್ಯಾಂಡೂ ಬೇಕು, ಅಂದರೆ 3800ರ ತನಕ ಎಂದಿರಬೇಕು. ವಿದೇಶದಿಂದ ನೆಂಟರು ತಂದುಕೊಟ್ಟ ರೌಟರುಗಳಲ್ಲಿ ನಮ್ಮ ಬ್ಯಾಂಡ್ 5 (850) ಅಥವಾ 40 (2300) ಇಲ್ಲದೇ ಇರಬಹುದು. ಅದನ್ನು ಆಂಟೆನಾ ಸರಿ ಮಾಡಲಾರದು.

ಗೇನ್ ಎಂದರೆ ಆಂಟೆನಾ ಸಿಗ್ನಲ್ಲನ್ನು ಒಂದು ಕಡೆಗೆ ಎಷ್ಟು ಕೂಡಿಸುತ್ತದೆ ಎಂಬ ಲೆಕ್ಕ, ಅಳೆಯುವುದು ಡಿಬಿಐನಲ್ಲಿ. ಅದರ ಬಗ್ಗೆ ಅಂಗಡಿಯವರು ಹೇಳುವುದನ್ನು ಅರ್ಧಕ್ಕರ್ಧ ಬಿಡಿ. ಗೇಣುದ್ದದ ಕಡ್ಡಿಯ ಮೇಲೆ 15 ಡಿಬಿಐ ಎಂದು ಬರೆದಿದ್ದರೆ ಅದು ಸುಳ್ಳು. ಸುತ್ತಲೂ ಸಮನಾಗಿ ಹರಡುವ ಆಂಟೆನಾ 900ರಲ್ಲಿ ನಿಜವಾಗಿ 8–9 ಡಿಬಿಐ ಕೊಡಬೇಕಾದರೆ ಒಂದು ಮೀಟರಿಗಿಂತ ಉದ್ದ ಇರಬೇಕಾಗುತ್ತದೆ. ಇನ್ನು ನಿಜವಾಗಿಯೇ ಅಷ್ಟು ಗೇನ್ ಇದ್ದರೂ ಮಲೆನಾಡಿಗೆ ಅದು ಒಗ್ಗುವುದಿಲ್ಲ. ಗೇನ್ ಎಂದರೆ ಹೊಸದಾಗಿ ಹುಟ್ಟಿದ ಶಕ್ತಿಯಲ್ಲ, ಉಂಡೆಯಾಗಿದ್ದ ಹಿಟ್ಟನ್ನು ರೊಟ್ಟಿ ತಟ್ಟಿದ ಹಾಗೆ: ಅಗಲಕ್ಕೆ ಹರಡುತ್ತದೆ, ಎತ್ತರ ಹೋಗುತ್ತದೆ. ಬಯಲುಸೀಮೆಯಲ್ಲಿ, ಚಳ್ಳಕೆರೆ ಕಡೆಯ ನೇರ ರಸ್ತೆಯಲ್ಲಿ ಆ ರೊಟ್ಟಿ ದಿಗಂತದ ಟವರಿಗೆ ತಾಗುತ್ತದೆ. ಗುಡ್ಡದ ನೆತ್ತಿಯಲ್ಲಿ ಟವರ್, ಕಣಿವೆಯಲ್ಲಿ ಗಾಡಿ, ಅದೂ ಏರಿನಲ್ಲಿ ಮೂತಿ ಎತ್ತಿ ನಿಂತಿದ್ದರೆ ರೊಟ್ಟಿಯ ಅಂಚು ಎಲ್ಲಿಗೋ ಹೋಗುತ್ತದೆ. ಘಟ್ಟದ ಗಾಡಿಗಳಿಗೆ ನಾನು ಹಾಕುವುದು 2ರಿಂದ 5 ಡಿಬಿಐ ಅಷ್ಟೇ.

ಒಂದೇ ಕಡೆಗೆ ಮುಖ ಮಾಡುವ ಪ್ಯಾನೆಲ್ ಅಥವಾ ಮೀನಿನ ಮುಳ್ಳಿನಂಥ ಆಂಟೆನಾಗಳು ಓಡುವ ಗಾಡಿಗೆ ಬೇಡ. ದಿನವಿಡೀ ಒಂದೇ ಕಡೆ ನಿಲ್ಲುವ ಕ್ಯಾಂಪಿಗೆ, ಕಂಬಕ್ಕೆ ಕಟ್ಟಿ ಬಳಸಿದರೆ ಅದ್ಭುತ. ನಿಧಾನಕ್ಕೆ ತಿರುಗಿಸುತ್ತ ಎಸ್‌ಐಎನ್‌ಆರ್ ಹೆಚ್ಚಿದ ಕಡೆ ನಿಲ್ಲಿಸಿ. ಆರ್‌ಎಸ್‌ಆರ್‌ಪಿ ಹೆಚ್ಚಿದ ದಿಕ್ಕು ಅದೇ ಆಗಿರಬೇಕೆಂದಿಲ್ಲ.

ಫೈಬರ್ ಚಾವಣಿಗೆ ತಗಡು ಬೇಡದ ಬಗೆಯ ಆಂಟೆನಾ ಸಿಗುತ್ತದೆ, ವಿವರದಲ್ಲಿ ‘ಗ್ರೌಂಡ್ ಪ್ಲೇನ್ ಇಂಡಿಪೆಂಡೆಂಟ್’ ಎಂದಿರುತ್ತದೆ. ಈ ಟಿಟಿಗೆ ಹಾಕಿದ್ದು ಅಂಥದ್ದೇ, ಬೋರಲು ಹಾಕಿದ ಬಟ್ಟಲಿನಂತಿರುವ, ಎರಡು ಮೀಟರಿನ ಎರಡು ಕೇಬಲ್ ಇರುವ ಒಂದು ಡಬ್ಬಿ. ಆರ್‌ಎಸ್‌ಆರ್‌ಪಿ -88ಕ್ಕೆ ಬಂತು, ಬರೀ ಎರಡು ಡಿಬಿ ಲಾಭ. ಆದರೆ ಎಸ್‌ಐಎನ್‌ಆರ್ 6ರಿಂದ 13ಕ್ಕೆ ಹೋಯಿತು. ಫೋಟೊಗಳು ಒಂದರ ಹಿಂದೊಂದು ಹೋಗತೊಡಗಿದವು.

ನಿಂತಾಗ ಸರಿ, ಓಡುವಾಗ ಕಡಿಯುತ್ತದೆ

ಎಲ್ಲಿ ಕಡಿಯುತ್ತದೆ ಎಂದು ಎರಡು ಮೂರು ಸಲ ಗುರುತು ಹಾಕಿಕೊಳ್ಳಿ. ಹೋಗುವಾಗಲೂ ಬರುವಾಗಲೂ ಅದೇ ತಿರುವಿನಲ್ಲಿ ಕಡಿದರೆ ಅದು ಗುಡ್ಡದ ಮರೆ. ದೋಣಿಗಾಲಿನಿಂದ ಗುಂಡ್ಯಕ್ಕೆ ಇಳಿಯುವಾಗ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಇದು ಗೊತ್ತಾಗುತ್ತದೆ. ಎದುರಿಗೆ ಬಂಡೆ ನಿಂತಿದ್ದರೆ ಯಾವ ಆಂಟೆನಾವೂ ಅದರ ಒಳಗೆ ನೋಡುವುದಿಲ್ಲ. ಗುಂಡಿ, ಹಂಪ್ ಹಾರಿದಾಗೆಲ್ಲ ಕಡಿದರೆ ಕನೆಕ್ಟರ್ ಸಡಿಲ. ಹಳೆಯ ಟವರಿಗೇ ಜೋತುಬಿದ್ದು, ಹೊಸ ಊರಿಗೆ ಬಂದರೂ -116ರಲ್ಲೇ ನರಳುತ್ತಿದ್ದರೆ, ಯಾರೋ ರೌಟರಿನಲ್ಲಿ ಬ್ಯಾಂಡ್ ಲಾಕ್ ಮಾಡಿ ಮರೆತಿದ್ದಾರೆ. ನಿಂತ ಜಾಗದಲ್ಲಿ ವೇಗಕ್ಕೆಂದು 2300ಕ್ಕೆ ಲಾಕ್ ಮಾಡಿರುತ್ತಾರೆ. ಆ ಬ್ಯಾಂಡು 850ರಷ್ಟು ದೂರ ಬರುವುದಿಲ್ಲ. ಹೊರಡುವ ಮುಂಚೆ ಆಟೋಗೆ ಹಾಕಿ.

ಬೂಸ್ಟರ್ ಹಾಕಿಕೊಡಿ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಇಲ್ಲ. ಅನುಮತಿಯಿಲ್ಲದೆ ಮೊಬೈಲ್ ಸಿಗ್ನಲ್ ಬೂಸ್ಟರ್ ಮಾರುವುದೂ ಇಟ್ಟುಕೊಳ್ಳುವುದೂ ನಮ್ಮ ದೇಶದಲ್ಲಿ ಅಪರಾಧ, ದೂರಸಂಪರ್ಕ ಇಲಾಖೆ ಮತ್ತೆ ಮತ್ತೆ ಎಚ್ಚರಿಸಿದೆ. ಆನ್‌ಲೈನಿನಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಸರಿಯಾಗುವುದಿಲ್ಲ. ಗಾಡಿಯಂಥ ಸಣ್ಣ ಜಾಗದಲ್ಲಿ ಅದರ ಒಳ ಆಂಟೆನಾ, ಹೊರ ಆಂಟೆನಾ ಒಂದರ ದನಿ ಇನ್ನೊಂದಕ್ಕೆ ಕೇಳಿ, ಮದುವೆ ಮನೆಯ ಮೈಕಿನ ಹಾಗೆ ಕೂಗಲು ಶುರುಮಾಡುತ್ತವೆ. ಆಗ ಸುತ್ತಲಿನ ಊರಿನವರ ಫೋನೂ ಕೆಡುತ್ತದೆ. ರೌಟರಿಗೆ ತಿರುಚುವ ಸಾದಾ ಆಂಟೆನಾಕ್ಕೆ ಈ ತೊಡಕಿಲ್ಲ. ಅದರಲ್ಲಿ ವರ್ಧಕವೇ ಇಲ್ಲ.

ನೀರು

ಗಾಡಿ ಕಳಿಸುವ ಮುಂಚೆ ಕ್ಯಾಬಿನೆಟ್ಟಿನ ಬಾಗಿಲ ಒಳಮೈಗೆ ಒಂದು ಚೀಟಿ ಅಂಟಿಸಿದೆ: ಶೆಡ್ಡಿನ ಮುಂದೆ, ಬ್ಯಾಂಡ್ 3, -88, 13. ಅಡ್ಮಿನ್ ಪುಟ ತೆರೆಯುವುದನ್ನೂ ಡ್ರೈವರಿಗೆ ತೋರಿಸಿಕೊಟ್ಟೆ.

ಆಗಸ್ಟಿನಲ್ಲಿ ಫೋನ್ ಬಂತು. “ಅಣ್ಣಾ, ನಿಮ್ಮ ಶೆಡ್ ಮುಂದೇನೇ ನಿಂತಿದ್ದೀನಿ. ಚೀಟಿಯಲ್ಲಿ 88 ಅಂತ ಐತೆ, ಇಲ್ಲಿ 97 ತೋರಿಸ್ತದೆ. ಮಳೆ ಬಂದಾಗಿಂದ ದಿನಾ ಒಂದೊಂದು ಇಳೀತಿದೆ.”

ದಿನಾ ಒಂದೊಂದು ಇಳಿಯುತ್ತಿದೆ ಎಂದರೆ ನೀರು. ಏಣಿ ಹತ್ತಿ ನೋಡಿದೆ. ಆಂಟೆನಾದ ಬುಡದಲ್ಲಿ ಎರಡೂ ಕೇಬಲ್ಲುಗಳಿಗೆ ಒಂದೊಂದು ಜಾಯಿಂಟ್ ಇದೆ. ಅದರ ಮೇಲೆ ನಮ್ಮ ಹುಡುಗ ಮಾಮೂಲಿ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿದ್ದ. ಅಂಟು ಬಿಸಿಲಿಗೆ ಕರಗಿ, ಮಳೆಗೆ ಬಿಟ್ಟು, ಒಳಗೆ ನೀರು ನಿಂತಿತ್ತು. ಬಿಚ್ಚಿದಾಗ ಪಿನ್ನಿನ ಸುತ್ತ ಹಳೆ ತಾಮ್ರದ ಚೊಂಬಿನಂತೆ ಹಸಿರು. ಹೊರಗಿನ ಹೆಣಿಗೆಯ ತಂತಿ ಒಂದಂಗುಲದ ತನಕ ಕಪ್ಪಾಗಿತ್ತು. ಹೆಣಿಗೆಗೆ ನೀರು ಹತ್ತಿದರೆ ಒಣಗಿಸಿ ಪ್ರಯೋಜನವಿಲ್ಲ. ಮಿಂಚುವ ತಾಮ್ರ ಕಾಣುವ ತನಕ ಕತ್ತರಿಸಬೇಕು.

ನಾಲ್ಕು ಅಂಗುಲ ಕತ್ತರಿಸಿ ಹೊಸ ಪ್ಲಗ್ ಕ್ರಿಂಪ್ ಮಾಡಿದೆವು. ಈ ಸಲ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು, ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಬರುವಂತೆ ಸುತ್ತಿ, ಮೇಲೆ ಮಾಮೂಲಿ ಟೇಪ್. ಕೇಬಲ್ ಚಾವಣಿಯೊಳಗೆ ಇಳಿಯುವ ಮುಂಚೆ ಕೆಳಗೆ ಒಂದು ಬಾಗು ಕೊಟ್ಟೆವು, ಹರಿದು ಬಂದ ನೀರು ತೂತಿಗೆ ಹೋಗದೆ ಅಲ್ಲೇ ತೊಟ್ಟಿಕ್ಕಲಿ ಎಂದು.

ಕೆಳಗಿನಿಂದ ಡ್ರೈವರ್ ಕೂಗಿದ: “89 ಬಂತು ಅಣ್ಣಾ. ಆ ಇನ್ನೊಂದು ಕೇಬಲ್ಲಿಂದೂ ಬಿಚ್ಚಿ ನೋಡ್ಬಿಡಿ.” ಅದರಲ್ಲೂ ಹಸಿರು ಹಿಡಿಯಲು ಶುರುವಾಗಿತ್ತು.